ಕಡಿಮೆ ದುಡ್ಡಿನ ಮಾರ್ಷಲ್ ಆರ್ಟ್ಸ್ ಕಿರುಚಿತ್ರ: ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು?

ಫೈಟ್ ಇರುವ ಕಿರುಚಿತ್ರ ಮಾಡಲು ಹೊರಟವರು ಮೊದಲು ಕೇಳುವುದು ಕ್ಯಾಮೆರಾ ಬಗ್ಗೆ. ಫೋನ್ ಸಾಕಾ, ಮಿರರ್‌ಲೆಸ್ (ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಬೇಕಾ, ದೊಡ್ಡ ಕ್ಯಾಮೆರಾ ಬಾಡಿಗೆಗೆ ತರಬೇಕಾ? ಅದರ ಬೆನ್ನಿಗೇ ಉಳಿದ ಪ್ರಶ್ನೆಗಳು ಬರುತ್ತವೆ. ಕರಾಟೆ ಕಲಿತವರನ್ನು ಹಾಕಿಕೊಳ್ಳಬೇಕಾ, ನಟನೆ ಬರುವವರನ್ನಾ? ಒಂದೇ ಟೇಕ್‌ನಲ್ಲಿ ತೆಗೆಯಬೇಕಾ, ತುಂಡು ತುಂಡಾಗಿಯಾ? ದುಡ್ಡು ಕಡಿಮೆ ಇದ್ದಾಗ ಎಲ್ಲವೂ ಸಿಗುವುದಿಲ್ಲ, ಆರಿಸಲೇಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕ್ಯಾಮೆರಾ ಕೊನೆಯ ಪ್ರಶ್ನೆ. ಫೈಟ್ ಗೆಲ್ಲುವುದು ತಾಲೀಮಿನಲ್ಲಿ. ದುಡ್ಡಿಲ್ಲದ ತಂಡದ ಹತ್ತಿರ ದೊಡ್ಡ ತಂಡಕ್ಕಿಂತ ಜಾಸ್ತಿ ಇರಬಹುದಾದ ಒಂದೇ ವಸ್ತು ಅಂದರೆ ಸಮಯ. ಅದನ್ನು ಎಲ್ಲಿ ಹಾಕುತ್ತೀರಿ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಹಾಗಾಗಿ ಯಾವ ಆಯ್ಕೆಯನ್ನಾದರೂ ಈ ನಾಲ್ಕು ಪ್ರಶ್ನೆ ಇಟ್ಟುಕೊಂಡು ತೂಗಿ. ನಿಮ್ಮ ಜನಕ್ಕೆ ನಿಜವಾಗಿ ಏನು ಬರುತ್ತದೆ? ಶೂಟಿಂಗ್‌ಗಿಂತ ಮುಂಚೆ ಒಟ್ಟಿಗೆ ಸೇರಿ ಅಭ್ಯಾಸ ಮಾಡಲು ಎಷ್ಟು ದಿನ ಸಿಗುತ್ತದೆ? ಯಾರಿಗೂ ಪೆಟ್ಟಾಗದೆ ಹತ್ತು ಸಲ ಮಾಡಬಹುದಾ? ಮತ್ತೆ, ಯಾರು ಯಾರಿಗೆ ಹೊಡೆದರು, ಯಾರು ಗೆಲ್ಲುತ್ತಿದ್ದಾರೆ ಅಂತ ನೋಡುವವರಿಗೆ ತಿಳಿಯುತ್ತದಾ? ಇವುಗಳಲ್ಲಿ ಮೂರನೆಯದರಲ್ಲಿ ರಾಜಿ ಇಲ್ಲ. ಉಳಿದ ಮೂರರಲ್ಲಿ ಒಂದಕ್ಕೆ ಬಿಟ್ಟುಕೊಟ್ಟು ಇನ್ನೊಂದನ್ನು ಪಡೆಯಬಹುದು.

ಯಾರನ್ನು ಹಾಕಿಕೊಳ್ಳುವುದು?

ಮಾರ್ಷಲ್ ಆರ್ಟ್ಸ್ ಸಿನಿಮಾ ಅಂದ ಮೇಲೆ ಮಾರ್ಷಲ್ ಆರ್ಟ್ಸ್ ಬರುವವರೇ ಸರಿ ಅಲ್ವಾ ಅಂತ ಅನ್ನಿಸುತ್ತದೆ. ಅರ್ಧ ಮಾತ್ರ ಸರಿ.

ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್ ಥರ ನಿಜವಾದ ಪಂದ್ಯ ಆಡುವವರು ಏಟನ್ನು ಮುಚ್ಚಿಡಲು ಕಲಿತಿರುತ್ತಾರೆ. ಗುದ್ದು ಸಣ್ಣ ದಾರಿಯಲ್ಲಿ ಹೋಗಿ ತಕ್ಷಣ ವಾಪಸ್ ಬರುತ್ತದೆ. ಎದುರಾಳಿಗೆ ಸುಳಿವು ಸಿಗಬಾರದು ಅನ್ನುವುದೇ ಅವರ ವಿದ್ಯೆ. ಕ್ಯಾಮೆರಾಗೆ ಬೇಕಾದದ್ದು ಇದರ ಉಲ್ಟಾ. ಭುಜ ಹಿಂದಕ್ಕೆ ಹೋಗುವುದು ಕಾಣಬೇಕು, ಕೈ ಅಗಲವಾಗಿ ಬೀಸಬೇಕು, ಏಟು ಬಿದ್ದ ಮೇಲೆ ಒಂದು ಗಳಿಗೆ ಹಾಗೇ ನಿಲ್ಲಬೇಕು. ಒಳ್ಳೆಯ ಬಾಕ್ಸರ್‌ಗೆ ಇದನ್ನು ಕಲಿಸಲು ಹೊತ್ತು ಹಿಡಿಯುತ್ತದೆ. ಜೊತೆಗೆ, ಗಾಬರಿಯಾದಾಗ ಅವರ ಮೈ ಹಳೇ ಅಭ್ಯಾಸಕ್ಕೆ ಹೋಗುತ್ತದೆ. ಆಗ ಏಟು ನಿಜವಾಗಿಯೇ ಬೀಳಬಹುದು.

ಚೀನಾದ ವುಶು, ಕರಾಟೆಯ ಕಾತಾ (ಒಬ್ಬರೇ ಮಾಡುವ ವರಸೆಗಳ ಸಾಲು), ಟೇಕ್ವಾಂಡೋದ ಪ್ರದರ್ಶನ ಮಾಡಿದವರ ಕಥೆ ಬೇರೆ. ಅವರ ವರಸೆಗಳೇ ನೋಡುವವರಿಗಾಗಿ ಇರುವಂಥವು. ದೊಡ್ಡದಾಗಿ, ಶುಚಿಯಾಗಿ, ಪ್ರತಿಸಲವೂ ಒಂದೇ ಥರ ಬರುತ್ತವೆ. ಒಬ್ಬರೇ ಅಭ್ಯಾಸ ಮಾಡಿದವರಿಗೆ ಎದುರಿನವರ ದೂರ, ಲಯ ಹೊಂದಿಸಿಕೊಳ್ಳುವುದು ಕಷ್ಟ ಆಗಬಹುದು. ಆದರೆ ಅದು ತಾಲೀಮಿನಲ್ಲಿ ಸರಿಹೋಗುವ ತೊಂದರೆ.

ಜೂಡೋ, ಕುಸ್ತಿಯವರನ್ನು ಬಹಳ ಜನ ಮರೆತುಬಿಡುತ್ತಾರೆ. ಅವರಿಗೆ ಬೀಳಲು ಬರುತ್ತದೆ. ಫೈಟ್‌ನಲ್ಲಿ ಹೊಡೆಯುವವರಿಗಿಂತ ಹೊಡೆಸಿಕೊಳ್ಳುವವರು ಮುಖ್ಯ. ಸಾಧಾರಣ ಗುದ್ದನ್ನೂ ಒಳ್ಳೆಯ ಬೀಳುವಿಕೆ ಭಯಂಕರ ಮಾಡುತ್ತದೆ. ಎದುರಿನವರು ಮರದ ಕಂಬದ ಥರ ನಿಂತರೆ ಎಂಥ ಒದೆಯೂ ಸುಳ್ಳಾಗಿ ಕಾಣುತ್ತದೆ. ನಿಮ್ಮ ಹತ್ತಿರ ಪರಿಣತರು ಒಬ್ಬರೇ ಇದ್ದರೆ, ಅವರನ್ನು ನಾಯಕನ ಬದಲು ಖಳನ ಪಾತ್ರಕ್ಕೆ ಹಾಕುವುದನ್ನು ಯೋಚನೆ ಮಾಡಿ. ನಟನೆ ಬರುವ ನಾಯಕ ಹೊಡೆಯಲಿ, ವಿದ್ಯೆ ಬರುವ ಖಳ ಬೀಳಲಿ.

ನೃತ್ಯ ಕಲಿತವರನ್ನು ನಾನು ಗಟ್ಟಿಯಾಗಿ ಶಿಫಾರಸು ಮಾಡುತ್ತೇನೆ. ವರಸೆಗಳನ್ನು ಎಣಿಕೆಗೆ ಹೊಂದಿಸಿ ನೆನಪಿಡುವುದು, ಜೊತೆಯವರ ದೂರ ಕಾಯುವುದು, ಕ್ಯಾಮೆರಾ ಎಲ್ಲಿದೆ ಅನ್ನುವ ಎಚ್ಚರ ಅವರಿಗೆ ಮೊದಲೇ ಇರುತ್ತದೆ. ಫೈಟ್ ಸಿನಿಮಾಗಳ ನಟಿ ಮಿಶೆಲ್ ಯೋ ಸಿನಿಮಾಗೆ ಬಂದದ್ದು ಬ್ಯಾಲೆ ಕಲಿತು. ಬ್ರೂಸ್ ಲೀ 1958ರಲ್ಲಿ ಹಾಂಗ್‌ಕಾಂಗ್‌ನ ಚಾ-ಚಾ ನೃತ್ಯ ಸ್ಪರ್ಧೆ ಗೆದ್ದವರು. ಹಾಂಗ್‌ಕಾಂಗ್‌ನ ಫೈಟ್ ತಾರೆಯರಾದ ಜಾಕಿ ಚಾನ್, ಸಮ್ಮೊ ಹಂಗ್ ಚಿಕ್ಕಂದಿನಲ್ಲಿ ಒಟ್ಟಿಗೆ ಬೆಳೆದದ್ದು ಪೀಕಿಂಗ್ ಒಪೆರಾ (ಚೀನಾದ ಸಂಗೀತ ನಾಟಕ) ಕಲಿಸುವ ಶಾಲೆಯಲ್ಲಿ. ಅಲ್ಲಿ ಹೊಡೆದಾಟ ರಂಗದ ಮೇಲಿನ ಕಲೆ. ಪರದೆಯ ಮೇಲಿನ ಫೈಟ್ ಅಷ್ಟು ಚೆನ್ನಾಗಿ ಬಂದದ್ದರ ಹಿಂದೆ ಆ ತರಬೇತಿ ಇದೆ.

ಇನ್ನು ಬರೀ ನಟನೆ ಬರುವವರು. ಮುಖದ ಮೇಲೆ ನೋವು, ಸಿಟ್ಟು, ಭಯ ಬರುತ್ತದೆ, ಕಥೆ ನಿಲ್ಲುತ್ತದೆ. ಆದರೆ ಅವರ ಹತ್ತಿರ ಉದ್ದದ ವರಸೆ ಮಾಡಿಸಲು ಹೋಗಬೇಡಿ. ಆರೆಂಟು ಚಲನೆ ಮಾತ್ರ ಚೆನ್ನಾಗಿ ಕಲಿಸಿ, ಅವನ್ನೇ ಬೇರೆ ಬೇರೆ ಕೋನದಿಂದ, ಬೇರೆ ಬೇರೆ ಜೋಡಣೆಯಲ್ಲಿ ಬಳಸಿ.

ಫೈಟನ್ನು ಹೇಗೆ ತೆಗೆಯುವುದು?

ಇಲ್ಲಿ ನಾಲ್ಕು ದಾರಿ ಇದೆ. ಚಿತ್ರ ಹೇಗೆ ಬರುತ್ತದೆ ಅನ್ನುವುದನ್ನು ಈ ಆಯ್ಕೆಯೇ ತೀರ್ಮಾನ ಮಾಡುವುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದು ಒಂದೇ ಟೇಕ್. ಕೇಳಲು ಅಗ್ಗ ಅನ್ನಿಸುತ್ತದೆ. ಎಡಿಟಿಂಗ್ ಇಲ್ಲ, ಶಾಟ್ ಬದಲಾವಣೆ ಇಲ್ಲ. ಖರ್ಚೆಲ್ಲ ತಾಲೀಮಿಗೆ ಹೋಗುತ್ತದೆ. ಐವತ್ತನೇ ಸೆಕೆಂಡಿನಲ್ಲಿ ಕಾಲು ಜಾರಿದರೆ ಮತ್ತೆ ಮೊದಲಿನಿಂದ. ಪ್ರತಿ ಟೇಕ್‌ಗೂ ಮೈ ದಣಿಯುತ್ತದೆ, ದಣಿದ ಮೈ ಗುರಿ ತಪ್ಪುತ್ತದೆ. ಕ್ಯಾಮೆರಾ ಹಿಡಿದವರೂ ವರಸೆ ಕಲಿಯಲೇಬೇಕು, ಯಾಕೆಂದರೆ ಏಟು ಬೀಳದ ಜಾಗವನ್ನು ಮರೆಮಾಡುವ ಕೋನಕ್ಕೆ ಅವರು ಸರಿಯಾದ ಹೊತ್ತಿಗೆ ಬಂದಿರಬೇಕು. ಸುತ್ತ ಎಲ್ಲ ಕಡೆಯೂ ಬೆಳಕು ಸರಿ ಇರಬೇಕು. ಇಷ್ಟರ ಮೇಲೂ ಇದೇ ಬೇಕು ಅನ್ನಿಸಿದರೆ 20-30 ಸೆಕೆಂಡಿಗೆ ಮಿತಿ ಹಾಕಿ.

ಎರಡನೆಯದು ಪೂರ್ತಿ ಫೈಟನ್ನು ಅಗಲವಾದ ಶಾಟ್‌ನಲ್ಲಿ ಒಮ್ಮೆ ತೆಗೆದು, ಮತ್ತೆ ಮೊದಲಿನಿಂದ ಹತ್ತಿರದ ಶಾಟ್‌ಗಳಲ್ಲಿ ತೆಗೆಯುವುದು. ಹೊಸ ನಿರ್ದೇಶಕರಿಗೆ ಧೈರ್ಯ ಕೊಡುವ ದಾರಿ. ಎಡಿಟಿಂಗ್‌ನಲ್ಲಿ ಬೇಕಾದಷ್ಟು ಆಯ್ಕೆ ಇರುತ್ತದೆ. ಬೆಲೆ ತೆರುವವರು ಫೈಟ್ ಮಾಡುವವರು. ಐದನೇ ಸಲ ಮಾಡುವಾಗ ತಲೆಯ ಎತ್ತರಕ್ಕೆ ಹೋಗುತ್ತಿದ್ದ ಒದೆ ಎದೆಗೆ ಇಳಿದಿರುತ್ತದೆ. ಬೆಸ್ಟ್ ಟೇಕ್ ಯಾವುದೋ ಅಗಲ ಶಾಟ್‌ನಲ್ಲಿ ಬಂದು, ಹತ್ತಿರದ ಶಾಟ್‌ನಲ್ಲಿ ಸುಸ್ತು ಕಾಣುತ್ತದೆ.

ಮೂರನೆಯದು ಹಾಂಗ್‌ಕಾಂಗ್‌ನವರು ಬೆಳೆಸಿದ ರೀತಿ. ಪೂರ್ತಿ ಫೈಟನ್ನು ಯಾವತ್ತೂ ಒಟ್ಟಿಗೆ ಮಾಡುವುದಿಲ್ಲ. ಮೂರರಿಂದ ಐದು ಚಲನೆಗೆ ಒಂದು ಶಾಟ್. ಆ ಚಲನೆಗಳು ಎಲ್ಲಿಂದ ಚೆನ್ನಾಗಿ ಕಾಣುತ್ತವೋ ಅಲ್ಲಿಗೇ ಕ್ಯಾಮೆರಾ. ಅದು ಸರಿಯಾಗಿ ಬರುವ ತನಕ ತೆಗೆದು, ಆಮೇಲೆ ಕ್ಯಾಮೆರಾ ಎತ್ತಿ ಮುಂದಿನ ತುಂಡಿಗೆ ಹೋಗುವುದು. ಮುಂದಿನ ಶಾಟ್ ಹಿಂದಿನ ಕೊನೆಯ ಚಲನೆಯಿಂದಲೇ ಶುರು. ನಟರು ನೆನಪಿಡಬೇಕಾದದ್ದು ಕಡಿಮೆ, ದಣಿವು ಕಡಿಮೆ, ಪ್ರತಿ ಏಟಿಗೂ ಸರಿಯಾದ ಕೋನ ಸಿಗುತ್ತದೆ. ನಷ್ಟ ಎರಡು. ಒಂದು, ಎಡಿಟಿಂಗ್ ಹೇಗಿರುತ್ತದೆ ಅಂತ ಶೂಟಿಂಗ್‌ಗೆ ಮೊದಲೇ ಗೊತ್ತಿರಬೇಕು. ಇನ್ನೊಂದು, ಹೊತ್ತು ಜಾಸ್ತಿ ಹಿಡಿಯುತ್ತದೆ. ಒಂದು ನಿಮಿಷದ ಫೈಟ್‌ಗೆ ಪೂರ್ತಿ ಒಂದು ದಿನ ಇಟ್ಟುಕೊಳ್ಳಿ.

ನಾಲ್ಕನೆಯದು ಕ್ಯಾಮೆರಾ ಅಲ್ಲಾಡಿಸುತ್ತ, ಮುಖದ ಹತ್ತಿರ ಹಿಡಿದು, ಬೇಗ ಬೇಗ ಕತ್ತರಿಸುವುದು. ಫೈಟ್ ಬಾರದವರನ್ನು ಇದು ಕಾಪಾಡುತ್ತದೆ, ನಿಜ. ಆದರೆ ನಾಲ್ಕನೇ ಪ್ರಶ್ನೆಯಲ್ಲಿ ಪೂರ್ತಿ ಸೋಲುತ್ತದೆ. ಯಾರು ಎಲ್ಲಿದ್ದಾರೆ ಅನ್ನುವುದೇ ತಿಳಿಯುವುದಿಲ್ಲ. ತಲೆಗೆ ಏಟು ಬಿದ್ದು ಕಣ್ಣು ಕತ್ತಲೆ ಬಂದ ಗಳಿಗೆಯನ್ನು ತೋರಿಸಲು ಐದು ಸೆಕೆಂಡ್ ಬಳಸಿ, ಸಾಕು.

ಕಡಿಮೆ ದುಡ್ಡಿನ ತಂಡಕ್ಕೆ ನನ್ನ ಓಟು ಮೂರನೆಯದಕ್ಕೆ. ಯಾಕೆ ಅನ್ನುವುದಕ್ಕೆ ಒಂದೇ ಒಂದು ಗುದ್ದನ್ನು ಹತ್ತಿರದಿಂದ ನೋಡಿ.

ಹೊಡೆಯುವವರ ಬಲಗೈ, ಎದುರಿನವರ ದವಡೆ. ಕ್ಯಾಮೆರಾ ಹೊಡೆಸಿಕೊಳ್ಳುವವರ ಭುಜದ ಹಿಂದೆ. ಮುಷ್ಟಿಗೂ ಮುಖಕ್ಕೂ ನಡುವೆ ಒಂದು ಗೇಣು ಜಾಗ. ಕ್ಯಾಮೆರಾ ಹಿಂದೆ ಇರುವುದರಿಂದ ತಲೆ ಆ ಜಾಗವನ್ನು ಮುಚ್ಚುತ್ತದೆ. ಅದೇ ಕ್ಯಾಮೆರಾ ಪಕ್ಕಕ್ಕೆ ಬಂದರೆ ಗೇಣು ಜಾಗ ಬಯಲು. ಮುಷ್ಟಿ ಮೂಗಿನ ನೇರ ದಾಟುವ ಗಳಿಗೆಗೇ ತಲೆ ತಿರುಗಬೇಕು, ಮುಷ್ಟಿ ಹೋದ ಕಡೆಗೇ. ಮೊದಲೇ ತಿರುಗಿದರೆ ತಪ್ಪಿಸಿಕೊಂಡ ಹಾಗೆ ಕಾಣುತ್ತದೆ. ತಡವಾದರೆ ನಾಟಕ ಅಂತ ಗೊತ್ತಾಗುತ್ತದೆ. ತಲೆಯ ಹಿಂದೆಯೇ ಭುಜ, ಭುಜದ ಹಿಂದೆ ಸೊಂಟ, ಕೊನೆಗೆ ಕಾಲು. ಅಂಗಿಯ ಮೇಲೆ ಸ್ವಲ್ಪ ಪೌಡರ್ ಉದುರಿಸಿ ಎದೆಗೆ ಹೊಡೆಸಿದರೆ ಧೂಳು ಏಳುತ್ತದೆ, ಏಟಿಗೆ ತೂಕ ಬರುತ್ತದೆ. ಇನ್ನು ಎಡಿಟಿಂಗ್. ಅಗಲ ಶಾಟ್‌ನಲ್ಲಿ ಮುಷ್ಟಿ ತಗುಲಿದ ಫ್ರೇಮ್ (ವಿಡಿಯೋದ ಒಂದು ಬಿಡಿ ಚಿತ್ರ) ತನಕ ಇಟ್ಟು, ಹತ್ತಿರದ ಶಾಟನ್ನು ಎರಡು-ಮೂರು ಫ್ರೇಮ್ ಹಿಂದಿನಿಂದ ಶುರು ಮಾಡಿ. ಏಟು ಒಂದು ಕೂದಲೆಳೆಯಷ್ಟು ಎರಡು ಸಲ ಬೀಳುತ್ತದೆ. ಕಣ್ಣಿಗೆ ಅದು ಪುನರಾವರ್ತನೆ ಅಂತ ಕಾಣುವುದಿಲ್ಲ, ಜೋರಾಗಿ ಬಿತ್ತು ಅಂತ ಕಾಣುತ್ತದೆ.

ಇಷ್ಟನ್ನು ಒಂದೇ ಟೇಕ್‌ನಲ್ಲಿ ನಲವತ್ತು ಏಟಿಗೆ ಮಾಡಲು ವೃತ್ತಿಪರ ತಂಡ ಬೇಕು. ತುಂಡು ತುಂಡಾಗಿ ಮಾಡಲು ತಾಳ್ಮೆ ಸಾಕು.

ಯಾವ ದಾರಿ ಹಿಡಿದರೂ ಒಂದು ಕೆಲಸ ಬಿಡಬೇಡಿ. ತಾಲೀಮಿನ ಜಾಗದಲ್ಲೇ, ಮಾಮೂಲಿ ಬಟ್ಟೆಯಲ್ಲೇ, ಪೂರ್ತಿ ಫೈಟನ್ನು ಫೋನಿನಲ್ಲಿ ಶಾಟ್ ಶಾಟ್ ಆಗಿ ತೆಗೆದು ಎಡಿಟ್ ಮಾಡಿ ನೋಡಿ. ಗೋಡೆ ಇರಬೇಕಾದ ಕಡೆ ರಟ್ಟಿನ ಡಬ್ಬ ಇಡಿ. ದೊಡ್ಡ ಸಿನಿಮಾಗಳ ಸ್ಟಂಟ್ ತಂಡಗಳೂ ಹೀಗೇ ಮಾಡುತ್ತವೆ. ಯಾವ ಶಾಟ್ ಬೇಡ, ಯಾವ ಏಟು ಕಾಣುತ್ತಿಲ್ಲ ಅನ್ನುವುದು ಶೂಟಿಂಗ್‌ಗೆ ಮೊದಲೇ ಗೊತ್ತಾಗುತ್ತದೆ.

ಕ್ಯಾಮೆರಾ

ಈಗ ಆ ಪ್ರಶ್ನೆ. ಫೋನ್ ಸಾಕಾ? ಹಗಲು ಬೆಳಕಿನಲ್ಲಿ ಅಥವಾ ಚೆನ್ನಾಗಿ ಬೆಳಕು ಹಾಕಿದ ಕೋಣೆಯಲ್ಲಿ ತೆಗೆಯುವುದಾದರೆ ಸಾಕು. ಆದರೆ ಫೋನಿನ ಕೈಗೆ ಎಲ್ಲವನ್ನೂ ಬಿಡಬೇಡಿ. ಫೋಕಸ್, ಎಕ್ಸ್‌ಪೋಷರ್ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಯಾರೋ ಕ್ಯಾಮೆರಾ ಮುಂದೆ ಹಾದಾಗ ಬೆಳಕು ಏರಿಳಿಯುತ್ತದೆ, ಶಾಟ್‌ಗಳು ಒಂದಕ್ಕೊಂದು ಹೊಂದುವುದಿಲ್ಲ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಐಫೋನ್, ಆಂಡ್ರಾಯ್ಡ್ ಎರಡಕ್ಕೂ ಉಚಿತವಾಗಿ ಸಿಗುತ್ತದೆ, ಇದೆಲ್ಲ ಅದರಲ್ಲಿ ಆಗುತ್ತದೆ. ಸೆಕೆಂಡಿಗೆ 24 ಫ್ರೇಮ್, ಶಟರ್ (ಒಂದೊಂದು ಫ್ರೇಮ್‌ಗೆ ಬೆಳಕು ಬೀಳುವ ಹೊತ್ತು) ಸೆಕೆಂಡಿನ 1/50ರ ಆಸುಪಾಸು ಇಟ್ಟರೆ ಚಲನೆ ಸಿನಿಮಾ ಥರ ಹಿತವಾಗಿ ಮಸುಕಾಗುತ್ತದೆ. 1/200ಕ್ಕೆ ಏರಿಸಿದರೆ ಪ್ರತಿ ಏಟು ಚೂಪಾಗಿ, ಸ್ವಲ್ಪ ಒರಟಾಗಿ ಕಾಣುತ್ತದೆ. ಅದೂ ಒಂದು ಶೈಲಿ, ಆದರೆ ಏಟು ತಗುಲದ ಜಾಗವೂ ಚೂಪಾಗಿಯೇ ಕಾಣುತ್ತದೆ. ಕೋಣೆಯ ದೀಪಗಳು ಮಿನುಗುತ್ತಿವೆಯಾ ಅಂತಲೂ ನೋಡಿಕೊಳ್ಳಿ. ಕರೆಂಟ್ 50 ಹರ್ಟ್ಜ್ ಇರುವ ಕಡೆ 1/50 ಅಥವಾ 1/100, 60 ಹರ್ಟ್ಜ್ ಇರುವ ಕಡೆ 1/60 ಅಥವಾ 1/120 ಶಟರ್ ಇಟ್ಟರೆ ಮಿನುಗು ಹೆಚ್ಚಾಗಿ ನಿಲ್ಲುತ್ತದೆ. ಕ್ಯಾಮೆರಾವನ್ನು ಗಬಕ್ಕನೆ ತಿರುಗಿಸಿದರೆ ಫೋನಿನಲ್ಲಿ ಕಂಬ, ಬಾಗಿಲು ಎಲ್ಲ ಓರೆಯಾಗುತ್ತವೆ. ಹಾಗಾಗಿ ಕ್ಯಾಮೆರಾ ನಿಂತಿರಲಿ, ಜನ ಓಡಾಡಲಿ.

ಮಿರರ್‌ಲೆಸ್‌ನ ದೊಡ್ಡ ಲಾಭ ಲೆನ್ಸ್. ಅಗಲ ಲೆನ್ಸ್‌ನಲ್ಲಿ ಕ್ಯಾಮೆರಾ ಕಡೆಗೆ ಬರುವ ಕೈಕಾಲು ದೊಡ್ಡದಾಗಿ, ವೇಗವಾಗಿ ಕಾಣುತ್ತದೆ. ದೂರ ನಿಂತು 85 ಎಂಎಂ ಥರದ ಉದ್ದ ಲೆನ್ಸ್ ಹಾಕಿದರೆ ಹಿಂದೆ-ಮುಂದಿನ ಅಂತರ ಕುಗ್ಗಿದಂತೆ ಕಾಣುತ್ತದೆ. ಏಟಿಗೂ ಮುಖಕ್ಕೂ ನಡುವಿನ ಗೇಣು ಇನ್ನಷ್ಟು ಮಾಯ. ರಾತ್ರಿಯ ದೃಶ್ಯ ಇದ್ದರೆ, ಮಬ್ಬು ಬೆಳಕು ಇದ್ದರೆ ಮಿರರ್‌ಲೆಸ್ ಬೇಕೇ ಬೇಕು. ಹಳೇ ಮಾಡೆಲ್ ಸಾಲ ಸಿಕ್ಕರೂ ಆದೀತು.

ಬಾಡಿಗೆಯ ಸಿನಿಮಾ ಕ್ಯಾಮೆರಾವನ್ನು ಫೈಟ್ ಚಿತ್ರಕ್ಕೆ ನಾನು ಬೇಡ ಅನ್ನುತ್ತೇನೆ. ಚಿತ್ರ ಚೆನ್ನಾಗಿ ಬರುತ್ತದೆ ಅನ್ನುವುದರಲ್ಲಿ ಅನುಮಾನ ಇಲ್ಲ. ಆದರೆ ದಿನದ ಬಾಡಿಗೆ ಓಡುತ್ತಿರುವಾಗ ಅವಸರ ಶುರುವಾಗುತ್ತದೆ. ಅವಸರದಲ್ಲಿ ಒದೆ ತಪ್ಪುತ್ತದೆ, ಪೆಟ್ಟಾಗುತ್ತದೆ. ಅದೇ ದುಡ್ಡಿಗೆ ಇನ್ನೂ ಎರಡು ದಿನ ಫೋನಿನಲ್ಲಿ ಶೂಟ್ ಮಾಡಬಹುದು.

ವೇಗದ ವಿಷಯ ಒಂದು ಮಾತು. ಸೆಕೆಂಡಿಗೆ 22 ಫ್ರೇಮ್‌ನಲ್ಲಿ ತೆಗೆದು 24ರಲ್ಲಿ ತೋರಿಸಿದರೆ ಎಲ್ಲವೂ ಸುಮಾರು ಶೇ 9ರಷ್ಟು ವೇಗ. ಹಳೇ ಉಪಾಯ ಇದು. ನಿಮ್ಮ ಕ್ಯಾಮೆರಾದಲ್ಲಿ 22 ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಶೇ 105-110ಕ್ಕೆ ಏರಿಸಿ. ಅದಕ್ಕಿಂತ ಮೇಲೆ ಹೋದರೆ ಕೂದಲು, ಬಟ್ಟೆಯ ತುದಿ, ಬೀಳುವ ಧೂಳು ಗುಟ್ಟು ಬಿಟ್ಟುಕೊಡುತ್ತವೆ. ನಟರು ತಾಲೀಮಿನಲ್ಲಿ ಸ್ವಲ್ಪ ನಿಧಾನವಾಗಿ, ಸುರಕ್ಷಿತವಾಗಿ ಮಾಡಲಿಕ್ಕೂ ಇದು ದಾರಿ ಕೊಡುತ್ತದೆ.

ಜಾಗ, ಆಯುಧ

ಜಾಗ ನೋಡಲು ಹೋದಾಗ ಗೋಡೆ ನೋಡುವ ಮೊದಲು ನೆಲ ನೋಡಿ. ಮಣ್ಣು, ಮರದ ಹಲಗೆ ಒಳ್ಳೆಯದು. ಹುಲ್ಲಾದರೆ ಒಳಗೆ ಕಲ್ಲು, ಗಾಜಿನ ಚೂರು ಇವೆಯಾ ಅಂತ ನಡೆದು ನೋಡಿ. ಒದ್ದೆ ಟೈಲ್ಸ್, ಜಲ್ಲಿ ಬೇಡವೇ ಬೇಡ. ಒಳಗೆ ತೆಗೆದರೆ ಬೆಳಕು ನಿಮ್ಮ ಕೈಯಲ್ಲಿ ಇರುತ್ತದೆ, ಬೆಳಗಿನ ಶಾಟ್‌ಗೂ ಸಂಜೆಯ ಶಾಟ್‌ಗೂ ವ್ಯತ್ಯಾಸ ಬರುವುದಿಲ್ಲ. ಆದರೆ ಚಿಕ್ಕ ಕೋಣೆಯಲ್ಲಿ ಕ್ಯಾಮೆರಾ ಹಿಂದೆ ಸರಿಯಲು ಜಾಗ ಇರುವುದಿಲ್ಲ. ಹೊರಗೆ ಜಾಗವೂ ಬೆಳಕೂ ಪುಕ್ಕಟೆ. ತುಂಡು ತುಂಡಾಗಿ ತೆಗೆಯುವವರಿಗೆ ಬಿಸಿಲು ಮಾತ್ರ ಶತ್ರು. ನೆರಳು ದಿನವಿಡೀ ಜಾಗ ಬದಲಿಸುತ್ತದೆ. ಮೋಡದ ದಿನ ಅಥವಾ ದೊಡ್ಡ ಕಟ್ಟಡದ ನೆರಳು ಹುಡುಕಿ. ಹಿನ್ನೆಲೆ ಸಾದಾ ಇರಲಿ, ಬಟ್ಟೆಯ ಬಣ್ಣ ಅದಕ್ಕಿಂತ ಬೇರೆ ಇರಲಿ.

ಆಯುಧ ಬೇಕಾ? ಉದ್ದ ಕೋಲು ಕ್ಯಾಮೆರಾಗೆ ಚೆನ್ನಾಗಿ ಕಾಣುತ್ತದೆ, ದೂರವೂ ತಾನಾಗಿ ಉಳಿಯುತ್ತದೆ, ಆದರೆ ಬೆರಳಿಗೆ ಏಟು ಬೀಳುವುದು ಜಾಸ್ತಿ. ಚಾಕು ಅಂದರೆ ರಬ್ಬರಿನದು ಮಾತ್ರ. ನಿಜವಾದ ಅಲಗು, ನಿಜವಾದ ಬಂದೂಕು ಸೆಟ್ಟಿನ ಹತ್ತಿರವೂ ಬರಬಾರದು. ಹಗ್ಗ ಕಟ್ಟಿ ಹಾರಿಸುವುದನ್ನೂ ಬಿಟ್ಟುಬಿಡಿ. ಅದು ತರಬೇತಿ ಪಡೆದ ರಿಗ್ಗಿಂಗ್ ತಂಡದ ಕೆಲಸ. ಆಟಿಕೆ ಆಯುಧವನ್ನೇ ಹಿಡಿದು ಹೊರಗೆ ಶೂಟ್ ಮಾಡುವುದಾದರೂ ಜಾಗದವರ ಅನುಮತಿ ಪಡೆದು, ಪೊಲೀಸರಿಗೆ ಮೊದಲೇ ತಿಳಿಸಿ.

ಸದ್ದು, ಎಡಿಟಿಂಗ್

ತಗುಲದ ಏಟನ್ನು ತಗುಲಿಸುವುದು ಸದ್ದು. ಆನ್‌ಲೈನಿನಲ್ಲಿ ಸಿಗುವ ಸದ್ದುಗಳು ಬೇಗ ಕೆಲಸ ಮುಗಿಸುತ್ತವೆ. ಫ್ರೀಸೌಂಡ್‌ನಂಥ ಕಡೆ ತೆಗೆದುಕೊಳ್ಳುವಾಗ ಪ್ರತಿ ಸದ್ದಿನ ಲೈಸೆನ್ಸ್ ನೋಡಿ: ಕೆಲವಕ್ಕೆ ಹೆಸರು ಹಾಕಬೇಕು, ಕೆಲವನ್ನು ವ್ಯಾಪಾರಕ್ಕೆ ಬಳಸುವ ಹಾಗಿಲ್ಲ. ತೊಂದರೆ ಏನೆಂದರೆ ಎಲ್ಲರೂ ಅದೇ ಸದ್ದು ಬಳಸುತ್ತಾರೆ. ನೀವೇ ಮಾಡಿಕೊಂಡರೆ ಒಂದು ಸಂಜೆ ಹೋಗುತ್ತದೆ, ಆದರೆ ನಿಮ್ಮ ಚಿತ್ರಕ್ಕೆ ತನ್ನದೇ ದನಿ ಬರುತ್ತದೆ. ತೆಳು ಬೆತ್ತ ಬೀಸಿದರೆ ಗಾಳಿ ಸೀಳುವ ಸದ್ದು, ಒದ್ದೆ ಬಟ್ಟೆಯನ್ನು ಚರ್ಮದ ಬ್ಯಾಗಿಗೆ ಬಡಿದರೆ ಮೈಗೆ ಬಿದ್ದ ಏಟು, ಒಣ ಕಡ್ಡಿ ಮುರಿದರೆ ಮೂಳೆ. ಆನ್‌ಲೈನಿನ ಸದ್ದು, ನೀವೇ ಮಾಡಿದ ಸದ್ದು ಎರಡನ್ನೂ ಬೆರೆಸಿ ಅನ್ನುವುದು ನನ್ನ ಸಲಹೆ. ಬಳಸುವ ಹಕ್ಕು ನಿಮಗಿಲ್ಲದ ಸಂಗೀತ ಮಾತ್ರ ಹಾಕಬೇಡಿ.

ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಕಿರುಚಿತ್ರಕ್ಕೆ ಧಾರಾಳವಾಗಿ ಸಾಕು. ಕಂಪ್ಯೂಟರ್ ಹಳೆಯದಾಗಿದ್ದರೆ ಅದು ಏದುಸಿರು ಬಿಡುತ್ತದೆ. ಆಗ ಕೆಡೆನ್‌ಲೈವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ನೋಡಿ.

ನಿಮ್ಮ ಪರಿಸ್ಥಿತಿ ಯಾವುದು?

ದುಡ್ಡೇ ಇಲ್ಲ, ಆದರೆ ವಾರಕ್ಕೆ ಎರಡು ಸಂಜೆ ಸೇರುವ ಗೆಳೆಯರಿದ್ದಾರೆ ಅಂದರೆ: ಇಬ್ಬರೇ ಪಾತ್ರ, ಒಂದೇ ಜಾಗ, ಫೋನ್, ತುಂಡು ತುಂಡಾಗಿ ಶೂಟಿಂಗ್. ಚಿತ್ರ ಐದಾರು ನಿಮಿಷ ಇರಲಿ, ಅದರಲ್ಲಿ ಫೈಟ್ ಒಂದೂವರೆ ನಿಮಿಷ ಮೀರದಿರಲಿ. ಆ ಒಂದೂವರೆ ನಿಮಿಷಕ್ಕೆ ನೀವು ಕೊಟ್ಟ ತಿಂಗಳ ತಾಲೀಮು ಪರದೆಯ ಮೇಲೆ ಕಾಣುತ್ತದೆ.

ಸ್ವಲ್ಪ ದುಡ್ಡಿದೆ ಅಂದರೆ ಖರ್ಚಿನ ಸಾಲು ಹೀಗಿರಲಿ: ಮೊದಲು ಮ್ಯಾಟು, ಮೊಣಕಾಲು-ಮೊಣಕೈ ಪ್ಯಾಡು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಆಮೇಲೆ ಫೈಟ್ ಹೆಣೆಯಲು ಬರುವ ಒಬ್ಬರಿಗೆ ಸಂಭಾವನೆ. ಆಮೇಲೆ ತಂಡದ ಊಟ, ಓಡಾಟ. ಆಮೇಲೆ ಎರಡು ಎಲ್‌ಇಡಿ ದೀಪ. ಇಷ್ಟೆಲ್ಲ ಆಗಿ ಉಳಿದರೆ ಲೆನ್ಸ್.

ಫೈಟ್ ಬರುವವರು ಯಾರೂ ಇಲ್ಲ, ನಟರು ಮಾತ್ರ ಇದ್ದಾರೆ ಅಂದರೆ ಕಥೆಯನ್ನೇ ಆ ಕಡೆ ತಿರುಗಿಸಿ. ಹೊಡೆದಾಟ ಗೊತ್ತಿಲ್ಲದ ಇಬ್ಬರು ಭಯದಿಂದ, ಸಿಟ್ಟಿನಿಂದ ಜಗ್ಗಾಡುವುದು, ಎಡವುವುದು, ಕುರ್ಚಿ ತಳ್ಳುವುದು ಕೂಡ ಫೈಟ್. ಅದನ್ನೂ ಅಷ್ಟೇ ಶಿಸ್ತಿನಿಂದ ಹೆಣೆಯಬೇಕು, ಆದರೆ ಒದೆ ತಲೆಗೆ ಮುಟ್ಟುವ ಅಗತ್ಯ ಇಲ್ಲ.

ಶೂಟಿಂಗ್‌ಗೆ ಒಂದೇ ದಿನ ಇರುವವರಿಗೆ: ಫೈಟ್ 30-40 ಸೆಕೆಂಡ್, ಹನ್ನೆರಡರಿಂದ ಹದಿನೈದು ಶಾಟ್. ಮೈ ಬಿಸಿ ಮಾಡಿಕೊಂಡ ತಕ್ಷಣ, ಎಲ್ಲರೂ ಚುರುಕಾಗಿರುವಾಗಲೇ, ಬೀಳುವ ಮತ್ತು ಎತ್ತರದ ಒದೆಯ ಶಾಟ್‌ಗಳನ್ನು ಮುಗಿಸಿ. ಮುಖದ ಶಾಟ್, ಮಾತಿನ ಶಾಟ್ ಸಂಜೆಗೆ ಇಡಿ; ಅಷ್ಟು ಹೊತ್ತಿಗೆ ಬರುವ ನಿಜವಾದ ಸುಸ್ತು ಅಲ್ಲಿ ಉಪಯೋಗಕ್ಕೆ ಬರುತ್ತದೆ. ಯಾರಾದರೂ ಕಾಲು ಎಳೆಯಲು ಶುರು ಮಾಡಿದರೆ ಉಳಿದ ಏಟುಗಳನ್ನು ಕೈಬಿಟ್ಟು, ಬರೀ ಮುಷ್ಟಿ, ಪಾದ, ಕಣ್ಣಿನ ಹತ್ತಿರದ ಶಾಟ್‌ಗಳನ್ನು ತೆಗೆದುಕೊಂಡು ಪ್ಯಾಕಪ್ ಹೇಳಿ.